ಅವರಿಗೆ ಮೂರು ವರ್ಷ, ನಮಗೆ ನಾಲ್ಕು ತಿಂಗಳು: ಮಲ್ಪೆಯ ಒಂದು ಟ್ರಾಲ್ ಬೋಟಿನ ಪ್ರಕರಣ

ಮಲ್ಪೆ ಬಂದರಿನಲ್ಲಿ ಬೆಳಕು ಹರಿಯುವ ಮೊದಲೇ ಏಲಂ ಶುರುವಾಗುತ್ತದೆ. ಆ ದಿನ ಮಾವನ ಟ್ರಾಲ್ ಬೋಟು ಹತ್ತು ದಿನ ಕಡಲಲ್ಲಿದ್ದು ಧಕ್ಕೆಗೆ ಬಂದಿತ್ತು. ಮಂಜುಗಡ್ಡೆಯ ಅಡಿಯಿಂದ ಮೀನು ಒಂದೊಂದೇ ಬುಟ್ಟಿ ಮೇಲೆ ಬರುತ್ತಿತ್ತು. ರಾಣಿ ಮೀನು, ಪಾಂಬೋಲು, ಬೊಂಡಾಸ್. ಕೊನೆಗೆ ಏಳೆಂಟು ಬುಟ್ಟಿ ಸಿಗಡಿ. ನಮ್ಮ ಮನೆಮಾತು ತುಳುವಿನಲ್ಲಿ ಅದಕ್ಕೆ ಎಟ್ಟಿ ಎನ್ನುತ್ತೇವೆ.

ಮಾವ ಬೇರೆಲ್ಲ ಮೀನಿನ ಏಲಂ ದೂರದಲ್ಲಿ ನಿಂತು ನೋಡುತ್ತಾರೆ. ಎಟ್ಟಿಯ ಬುಟ್ಟಿ ಬಂದಾಗ ಮಾತ್ರ ಹತ್ತಿರ ಬರುತ್ತಾರೆ. ಅವರ ಕಾಲದಲ್ಲಿ ಬೋಟಿನ ಸಾಲ ತೀರುತ್ತಿದ್ದುದೇ ಎಟ್ಟಿಯಿಂದ. ಆ ದಿನ ಕೂಗಿದ ದರ ಕೇಳಿ ಅವರ ಮುಖ ಸಣ್ಣದಾಯಿತು. ಕೊಳ್ಳಲು ಬಂದಿದ್ದ ಏಜೆಂಟ್ ನಮಗೆ ಗುರುತಿನ ಹುಡುಗನೇ. "ಏನು ಮಾಡುವುದು ಅಣ್ಣ, ಟ್ರಾಲ್ ಬೋಟಿನ ಎಟ್ಟಿ ಅಮೆರಿಕಕ್ಕೆ ಹೋಗುವುದಿಲ್ಲ. ಆಮೆಯ ತಕರಾರು. ಕಂಪೆನಿಯವರು ಇದಕ್ಕಿಂತ ಜಾಸ್ತಿ ಕೊಡುವುದಿಲ್ಲ" ಎಂದ. ಮಾವ ಕೇಳಿದರು: "ಅಮೆರಿಕದವರು ನನ್ನ ಬಲೆಯಲ್ಲಿ ಆಮೆ ನೋಡಿದ್ದು ಯಾವಾಗ ಮಾರಾಯಾ?"

ಹುಡುಗನ ಹತ್ತಿರ ಉತ್ತರ ಇರಲಿಲ್ಲ. ಮಾವ ಅದೇ ಪ್ರಶ್ನೆಯನ್ನು ಸಂಜೆ ನನಗೆ ಕೇಳಿದರು. ಬೋಟಿನ ಲೆಕ್ಕ ಬರೆಯುವವನು ನಾನು. ಡೀಸೆಲ್, ಮಂಜುಗಡ್ಡೆ, ರೇಷನ್, ಬಲೆ ರಿಪೇರಿ ಎಲ್ಲ ನನ್ನ ಪುಸ್ತಕದಲ್ಲಿದೆ. ಆದರೆ ಏಲಂ ದರದ ಹಿಂದೆ ಯಾವ ದೇಶದ ಯಾವ ಕಾನೂನು ಕೂತಿದೆ ಎಂಬುದು ಆ ಪುಸ್ತಕದಲ್ಲಿ ಇರಲಿಲ್ಲ. ಅದನ್ನು ಹುಡುಕಿಕೊಂಡು ಹೋದ ಲೆಕ್ಕ ಇದು.

ಮೊದಲೇ ಒಂದು ಮಾತು ಹೇಳಬೇಕು. ಮಲ್ಪೆಯ ಎಟ್ಟಿಯ ದರ ಇಳಿಯಲು ಅಮೆರಿಕ ಒಂದೇ ಕಾರಣ ಅಲ್ಲ. ಮೀನು ಕಡಿಮೆಯಾಗಿದೆ, ಡೀಸೆಲ್ ದುಬಾರಿಯಾಗಿದೆ, ಬೋಟುಗಳು ಜಾಸ್ತಿಯಾಗಿವೆ. ಏಜೆಂಟರು ಅಮೆರಿಕದ ಹೆಸರು ಹೇಳಿ ಸುಮ್ನೆ ದರ ಇಳಿಸುವುದೂ ಇರಬಹುದು. ಹಾಗಿದ್ದರೂ ಏಲಂನಲ್ಲಿ ದೊಡ್ಡ ಗಿರಾಕಿಯೊಬ್ಬ ಇಲ್ಲ ಎಂದಾದರೆ ಉಳಿದವರು ಕೂಗುವ ದರ ಹೇಗಿರುತ್ತದೆ ಎಂದು ಬಂದರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಬೋಟು ಮತ್ತು ಬಲೆ

ನಮ್ಮ ಕರಾವಳಿಗೆ ಟ್ರಾಲ್ ಬೋಟು ಬಂದದ್ದೇ ಎಟ್ಟಿಗಾಗಿ. ಅದಕ್ಕೂ ಮೊದಲು ಮೊಗವೀರರು ರಂಪಣಿ ಬಲೆ ಎಳೆಯುತ್ತಿದ್ದರು, ನಾಡದೋಣಿಯಲ್ಲಿ ಹೋಗುತ್ತಿದ್ದರು. 1960ರ ದಶಕದ ಹೊತ್ತಿಗೆ ಜಪಾನ್, ಅಮೆರಿಕದಲ್ಲಿ ಸಿಗಡಿಗೆ ಬೇಡಿಕೆ ಏರಿತು. ಸರ್ಕಾರವೇ ಸಾಲ ಕೊಟ್ಟು, ತರಬೇತಿ ಕೊಟ್ಟು, ಯಂತ್ರದ ಬೋಟಿಗೆ ಜನರನ್ನು ಹತ್ತಿಸಿತು. ಅಂದರೆ ಇವತ್ತು ಯಾವ ಬಲೆಯ ಮೇಲೆ ತಕರಾರು ಇದೆಯೋ, ಆ ಬಲೆಯನ್ನು ನಮ್ಮವರ ಕೈಗೆ ತಂದದ್ದೂ ಹೊರದೇಶದ ಊಟದ ತಟ್ಟೆಯೇ.

ಮಾವನ ಬೋಟಿನಲ್ಲಿ ತಂಡೇಲ, ಅಂದರೆ ಬೋಟು ನಡೆಸುವವರು, ಸೇರಿ ಎಂಟು ಜನ. ತಂಡೇಲ ಹೊನ್ನಾವರ ಕಡೆಯವರು. ಕಲಾಸಿಗಳಲ್ಲಿ, ಅಂದರೆ ಬೋಟಿನ ಕೆಲಸಗಾರರಲ್ಲಿ, ಮೂವರು ಒಡಿಶಾದವರು. ಖರ್ಚು ಕಳೆದು ಉಳಿದದ್ದರಲ್ಲಿ ಇವರೆಲ್ಲರಿಗೂ ಪಾಲು. ಎಟ್ಟಿಯ ದರ ಇಳಿದರೆ ಮಾವನ ಮನೆಗೆ ಮಾತ್ರ ಅಲ್ಲ, ಒಡಿಶಾದ ಮೂರು ಮನೆಗಳಿಗೆ ಹೋಗುವ ಹಣವೂ ಇಳಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ. ವರ್ಷದ ಸಂಪಾದನೆ ಹತ್ತು ತಿಂಗಳಲ್ಲೇ ಆಗಬೇಕು.

ಟ್ರಾಲ್ ಬಲೆ ಎಂದರೆ ಬಾಯಿ ಅಗಲವಾದ, ತುದಿಯಲ್ಲಿ ಚೀಲವಿರುವ ಬಲೆ. ಅದನ್ನು ಕಡಲ ತಳದಲ್ಲಿ ಎರಡು ಮೂರು ಗಂಟೆ ಎಳೆಯುತ್ತಾರೆ. ಎದುರಿಗೆ ಬಂದದ್ದೆಲ್ಲ ಒಳಗೆ. ಕಡಲಾಮೆ ಉಸಿರಿಗೆ ಮೇಲೆ ಬರಲೇಬೇಕು. ಬಲೆಯ ಒಳಗೆ ಅಷ್ಟು ಹೊತ್ತು ಸಿಕ್ಕಿಬಿದ್ದರೆ ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ. ಇದು ನಿಜವಾದ ತೊಂದರೆ. ಅಮೆರಿಕದವರು ಕಟ್ಟಿದ ಕಥೆ ಅಲ್ಲ.

ಇದಕ್ಕೆ ಪರಿಹಾರ ಟೆಡ್, ಅಂದರೆ ಟರ್ಟಲ್ ಎಕ್ಸ್‌ಕ್ಲೂಡರ್ ಡಿವೈಸ್. ಚೀಲಕ್ಕೆ ಸ್ವಲ್ಪ ಮೊದಲು ಬಲೆಯೊಳಗೆ ಓರೆಯಾಗಿ ಕೂರಿಸುವ ಕಂಬಿಗಳ ಜಾಲರಿ ಅದು. ಸಿಗಡಿ ಕಂಬಿಗಳ ನಡುವೆ ನುಸುಳಿ ಚೀಲಕ್ಕೆ ಹೋಗುತ್ತದೆ. ಆಮೆ ಕಂಬಿಗೆ ತಾಗಿ, ಓರೆಯಲ್ಲಿ ಜಾರಿ, ಪಕ್ಕದ ಕಿಂಡಿಯಿಂದ ಹೊರಗೆ ಹೋಗುತ್ತದೆ. ಇದರ ಹುಟ್ಟು ನನಗೆ ತುಂಬ ಹಿಡಿಸಿತು. 1960ರ ದಶಕದಲ್ಲಿ ಅಮೆರಿಕದ ಜಾರ್ಜಿಯಾದ ಮೀನುಗಾರ ಸಿಂಕಿ ಬೂನ್ ಬಲೆಗೆ ತುಂಬಿಕೊಳ್ಳುತ್ತಿದ್ದ ಅಂಬಲಿ ಮೀನಿನ ಕಾಟ ತಪ್ಪಿಸಲು ಇಂಥದ್ದೊಂದು ಜಾಲರಿ ಮಾಡಿಕೊಂಡಿದ್ದ. ಆಮೆ ಉಳಿಸುವ ಉಪಾಯ ಹುಟ್ಟಿದ್ದು ಆಫೀಸಿನಲ್ಲಲ್ಲ, ಬೋಟಿನ ಮೇಲೆ.

ಆದರೆ ಮಲ್ಪೆಯ ಬಲೆ ಟೆಕ್ಸಾಸ್‌ನ ಬಲೆಯಲ್ಲ. ಅಲ್ಲಿ ಸಿಗಡಿಯೇ ಗುರಿ. ಮಾವನ ಬಲೆಗೆ ಹತ್ತಾರು ಜಾತಿ ಬೀಳುತ್ತದೆ, ಅದರಲ್ಲಿ ದೊಡ್ಡ ಮೀನಿನ ಹಣವೇ ಎಷ್ಟೋ ಸಲ ಟ್ರಿಪ್ಪನ್ನು ಉಳಿಸುತ್ತದೆ. ದೊಡ್ಡ ಮುರು ಮೀನು, ತೊರಕೆ, ಕಪ್ಪೆ ಬೊಂಡಾಸ್ ಕಂಬಿಯ ನಡುವೆ ನುಸುಳುವುದಿಲ್ಲ. ಆಮೆ ಹೋಗುವ ಕಿಂಡಿಯಲ್ಲೇ ಅವೂ ಹೋಗುತ್ತವೆ. ಮಾವನಂಥವರಿಗೆ ಭಯ ಇರುವುದು ಇಲ್ಲಿ.

ಕಾನೂನು ಬಂದ ದಾರಿ

1989ರಲ್ಲಿ ಅಮೆರಿಕ ಒಂದು ಕಾನೂನು ಮಾಡಿತು. ಸೆಕ್ಷನ್ 609 ಎಂದೇ ಅದು ಹೆಸರಾಗಿದೆ. ತನ್ನ ಸಿಗಡಿ ಬೋಟುಗಳ ಹಾಗೆ ಆಮೆಯನ್ನು ಕಾಪಾಡದ ದೇಶಗಳು ಕಡಲಲ್ಲಿ ಹಿಡಿದ ಸಿಗಡಿಯನ್ನು ಅದು ಕೊಳ್ಳುವುದಿಲ್ಲ.

ಅಮೆರಿಕದ ಮೀನುಗಾರರು ಟೆಡ್ ಅನ್ನು ಖುಷಿಯಿಂದ ಒಪ್ಪಿಕೊಂಡರೇ? ಇಲ್ಲ. ಅದೇ 1989ರ ಜುಲೈನಲ್ಲಿ ಅವರು ಟೆಕ್ಸಾಸ್‌ನ ಬಂದರುಗಳ ಬಾಯಿಗೆ ಬೋಟುಗಳನ್ನು ಅಡ್ಡ ನಿಲ್ಲಿಸಿ ದಾರಿ ಮುಚ್ಚಿದರು. ಲೂಸಿಯಾನಾ ರಾಜ್ಯವಂತೂ 1987ರಲ್ಲಿ, ನಮ್ಮ ಅಧಿಕಾರಿಗಳು ಟೆಡ್ ನಿಯಮವನ್ನು ಜಾರಿ ಮಾಡುವ ಹಾಗಿಲ್ಲ ಎಂದು ಕಾನೂನೇ ಮಾಡಿತು. ಅದು ರದ್ದಾದದ್ದು 2015ರಲ್ಲಿ. ನಾನು ಇದನ್ನು ಅವರನ್ನು ದೂರಲು ಹೇಳುತ್ತಿಲ್ಲ. ಅವರೂ ಬೋಟಿನವರೇ, ಅವರಿಗೂ ಸಾಲ ಇತ್ತು, ಸಿಗಡಿ ಕಿಂಡಿಯಲ್ಲಿ ಹೋಗುತ್ತದೆ ಎಂಬ ಭಯ ಇತ್ತು. ಮಲ್ಪೆಯವರಿಗೆ ಈಗ ಇರುವ ಭಯವೇ ಅದು. ವ್ಯತ್ಯಾಸ ಇರುವುದು ಸಮಯದಲ್ಲಿ. ತನ್ನದೇ ಒಂದು ರಾಜ್ಯ ಅಷ್ಟು ವರ್ಷ ಮೊಂಡು ಹಿಡಿದರೂ ಅಮೆರಿಕ ತಾಳಿಕೊಂಡಿತು.

ಹೊರದೇಶಗಳಿಗೆ ಆ ತಾಳ್ಮೆ ಒಂದೇ ಅಳತೆಯಲ್ಲಿ ಸಿಗಲಿಲ್ಲ. ಮೊದಲು ಈ ಕಾನೂನನ್ನು ಕೆರಿಬಿಯನ್ ಮತ್ತು ಪಶ್ಚಿಮ ಅಟ್ಲಾಂಟಿಕ್‌ನ ದೇಶಗಳಿಗೆ ಮಾತ್ರ ಅನ್ವಯಿಸಿದರು. ಟೆಡ್ ಹಾಕಿಕೊಳ್ಳಲು ಅವರಿಗೆ ಮೂರು ವರ್ಷ ಕೊಟ್ಟರು. ಅವರೊಡನೆ ಕೂತು ಆಮೆಯ ಬಗ್ಗೆ ಒಪ್ಪಂದ ಮಾಡಿಕೊಂಡರು. ಈ ನಡುವೆ ಅಮೆರಿಕದ ಪರಿಸರ ಸಂಘಟನೆಗಳು ಕೋರ್ಟಿಗೆ ಹೋದವು. ಕಾನೂನು ಎಲ್ಲ ದೇಶಕ್ಕೂ ಅನ್ವಯಿಸಬೇಕು ಎಂದು 1995ರ ಡಿಸೆಂಬರ್‌ನಲ್ಲಿ ತೀರ್ಪು ಬಂತು. ಜಾರಿಯಾಗುವ ದಿನ 1996ರ ಮೇ 1. ಭಾರತದಂಥ ದೇಶಗಳಿಗೆ ಸಿಕ್ಕಿದ್ದು ನಾಲ್ಕು ತಿಂಗಳು.

ನಾಲ್ಕು ತಿಂಗಳಲ್ಲಿ ಏನಾಗುತ್ತದೆ? ಮಲ್ಪೆಯಲ್ಲಿ ಒಂದು ಹೊಸ ಬಲೆ ಕಟ್ಟಿಸಿ, ನಾಲ್ಕು ಟ್ರಿಪ್ ಎಳೆದು ನೋಡಿ, ಎಲ್ಲಿ ಹರಿಯುತ್ತದೆ, ಎಲ್ಲಿ ಸಡಿಲ ಬಿಡಬೇಕು ಎಂದು ಗೊತ್ತಾಗುವುದರೊಳಗೆ ಆ ಸಮಯ ಕಳೆದಿರುತ್ತದೆ. ಇಡೀ ದೇಶದ ಸಾವಿರಾರು ಬೋಟುಗಳು ಅಷ್ಟರಲ್ಲಿ ಬದಲಾಗಬೇಕಿತ್ತು.

ಭಾರತ, ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್ ಸೇರಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟವು. 1998ರ ಅಕ್ಟೋಬರ್ 12ರಂದು ಅದರ ಮೇಲ್ಮನವಿ ಮಂಡಳಿಯ ತೀರ್ಪು ಬಂತು. ಆ ತೀರ್ಪನ್ನು ಓದಿದಾಗ, ಮಾವನ ಪ್ರಶ್ನೆಯನ್ನು ಯಾರೋ ಆಗಲೇ ಕೇಳಿದ್ದರು ಎಂದು ಅನ್ನಿಸಿತು. ಆಮೆಯನ್ನು ಕಾಪಾಡಲು ವ್ಯಾಪಾರಕ್ಕೆ ತಡೆ ಹಾಕುವುದು ತಪ್ಪಲ್ಲ ಎಂದಿತು ಮಂಡಳಿ. ಆದರೆ ಹಾಕಿದ ರೀತಿ ತಪ್ಪು. ಕೆಲವರಿಗೆ ಮೂರು ವರ್ಷ, ಕೆಲವರಿಗೆ ನಾಲ್ಕು ತಿಂಗಳು. ಕೆಲವರೊಡನೆ ಮಾತುಕತೆ, ಕೆಲವರಿಗೆ ಬರೀ ಆದೇಶ. ತಂತ್ರಜ್ಞಾನ ಹೇಳಿಕೊಡುವುದರಲ್ಲೂ ಭೇದ. ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು. ಬೇರೆ ದೇಶದ ಕಡಲು, ಬೇರೆ ದೇಶದ ಪರಿಸ್ಥಿತಿ ಬೇರೆ ಇರಬಹುದು ಎಂದು ನೋಡದೆ, ತನ್ನದೇ ಕ್ರಮವನ್ನು ಎಲ್ಲರ ಮೇಲೂ ಹೇರಿದ್ದು.

ಕಾಗದದ ಮೇಲೆ ನಾವು ಗೆದ್ದೆವು. ಕಾನೂನು ಮಾತ್ರ ಹೋಗಲಿಲ್ಲ. ಅಮೆರಿಕ ಕಾನೂನನ್ನು ಹಾಗೇ ಇಟ್ಟು, ಜಾರಿ ಮಾಡುವ ನಿಯಮಗಳನ್ನು ಅಷ್ಟಿಷ್ಟು ತಿದ್ದಿತು. ಮಲೇಷ್ಯಾ ಮತ್ತೆ ಪ್ರಶ್ನಿಸಿತು. 2001ರಲ್ಲಿ ಮಂಡಳಿ ಈ ಸಲ ಅಮೆರಿಕದ ಪರವಾಗಿ ಹೇಳಿತು. ನಮ್ಮ ಮಟ್ಟಿಗೂ ವಿಷಯ ಮುಗಿಯಲಿಲ್ಲ. 2018-19ರ ಹೊತ್ತಿಗೆ, ಟೆಡ್ ಇಲ್ಲ ಎಂಬ ಕಾರಣಕ್ಕೇ, ಭಾರತದವರು ಕಡಲಲ್ಲಿ ಹಿಡಿದ ಸಿಗಡಿಗೆ ಅಮೆರಿಕದ ಬಾಗಿಲು ಮುಚ್ಚಿತು. ಏಜೆಂಟ್ ಹುಡುಗ ಹೇಳಿದ "ಆಮೆಯ ತಕರಾರು" ಇದೇ.

ವ್ಯಾಪಾರ ಸಂಸ್ಥೆಯಲ್ಲಿ ಗೆದ್ದವರಿಗೆಲ್ಲ ನ್ಯಾಯ ಸಿಗುವುದಿಲ್ಲ ಎಂಬುದಕ್ಕೆ ಹತ್ತಿಯ ಕಥೆ ಇನ್ನೂ ದೊಡ್ಡ ಉದಾಹರಣೆ. ಅಮೆರಿಕ ತನ್ನ ಹತ್ತಿ ರೈತರಿಗೆ ಕೊಡುವ ಸಬ್ಸಿಡಿಯ ವಿರುದ್ಧ ಬ್ರೆಜಿಲ್ ದೂರು ಕೊಟ್ಟು ಗೆದ್ದಿತು. ಪ್ರತಿಯಾಗಿ ಅಮೆರಿಕದ ಸರಕಿನ ಮೇಲೆ ಸುಂಕ ಹಾಕುವಷ್ಟು ದೊಡ್ಡ ದೇಶ ಅದು. ಹಾಗಾಗಿ 2014ರಲ್ಲಿ ಅಮೆರಿಕ 30 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅದೇ ಸಬ್ಸಿಡಿಯಿಂದ ಹತ್ತಿಯ ದರ ಬಿದ್ದು ನಷ್ಟವಾಯಿತು ಎಂದು ವರ್ಷಗಟ್ಟಲೆ ಹೇಳುತ್ತ ಬಂದ ಬೆನಿನ್, ಬುರ್ಕಿನಾ ಫಾಸೋ, ಚಾಡ್, ಮಾಲಿ ದೇಶಗಳಿಗೆ ಆ ರಾಜಿಯಲ್ಲಿ ಪಾಲು ಇರಲಿಲ್ಲ.

ಸುಂಕದ ಹಣ ಹೋದದ್ದು ಎಲ್ಲಿಗೆ

ಆಮೆಯ ವಿಷಯದಲ್ಲಿ ಅಮೆರಿಕದ ಪರವಾಗಿಯೂ ಹೇಳಲು ಮಾತಿದೆ. ಆದರೆ ಸುಂಕದ ವಿಷಯ ಬಂದಾಗ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ.

2003ರ ಡಿಸೆಂಬರ್ 31ರಂದು ಅಮೆರಿಕದ ದಕ್ಷಿಣ ರಾಜ್ಯಗಳ ಸಿಗಡಿ ಉದ್ಯಮದವರು ಒಂದು ಅರ್ಜಿ ಹಾಕಿದರು. ಭಾರತ, ಚೀನಾ, ವಿಯೆಟ್ನಾಂ, ಥಾಯ್ಲೆಂಡ್, ಈಕ್ವೆಡಾರ್, ಬ್ರೆಜಿಲ್ ಸಿಗಡಿಯನ್ನು ತೀರಾ ಅಗ್ಗಕ್ಕೆ ತಂದು ಸುರಿಯುತ್ತಿವೆ ಎಂಬುದು ದೂರು. 2005ರ ಫೆಬ್ರುವರಿಯಿಂದ ಸುರಿ-ವಿರೋಧಿ ಸುಂಕ ಜಾರಿಯಾಯಿತು. ಭಾರತದ ಹೆಚ್ಚಿನ ರಫ್ತುದಾರರಿಗೆ ಆಗ ಸುಮಾರು ಶೇ. 10ರಷ್ಟು ಬಿತ್ತು. ಪ್ರತಿ ವರ್ಷ ಅದರ ಮರುಲೆಕ್ಕ. ಯಾವ ವರ್ಷ ಎಷ್ಟು ಬರುತ್ತದೆ ಎಂದು ಗೊತ್ತಿಲ್ಲದೆ ವ್ಯಾಪಾರ ಮಾಡಬೇಕು. ಮುಂದೆ ಬರಬಹುದಾದ ಸುಂಕಕ್ಕೂ ಮೊದಲೇ ದೊಡ್ಡ ಮೊತ್ತದ ಬಾಂಡ್ ಕೊಡಿ ಎಂದರು. ಭಾರತ ಅದನ್ನೂ ಪ್ರಶ್ನಿಸಿ 2008ರಲ್ಲಿ ತೀರ್ಪು ಪಡೆಯಬೇಕಾಯಿತು.

ಆ ಸುಂಕದ ಹಣ ಎಲ್ಲಿಗೆ ಹೋಯಿತು ಎಂದು ಮಾವ ಕೇಳಿದರು. ಸರ್ಕಾರಕ್ಕೆ ಹೋಗಿರಬೇಕು ಎಂದು ನಾನೂ ಅಂದುಕೊಂಡಿದ್ದೆ. ಇಲ್ಲ. ಬರ್ಡ್ ತಿದ್ದುಪಡಿ ಎಂದು 2000ದಲ್ಲಿ ಮಾಡಿದ ಕಾನೂನಿನ ಪ್ರಕಾರ, ಹೀಗೆ ವಸೂಲಾದ ಸುಂಕವನ್ನು ದೂರು ಕೊಟ್ಟ ಅಮೆರಿಕದ ಉದ್ಯಮದವರಿಗೇ ಹಂಚಬೇಕು. ಅಂದರೆ ನಮ್ಮ ಸಿಗಡಿಯ ಮೇಲೆ ಬಿದ್ದ ಹಣ ನಮ್ಮ ಎದುರಾಳಿಯ ಕೈಗೆ. ಒಂದೇ ಏಟಿಗೆ ನಮ್ಮ ಮಾಲು ದುಬಾರಿಯಾಯಿತು, ಅವರ ಖರ್ಚು ಹಗುರವಾಯಿತು. ಈ ಹಂಚಿಕೆ ನಿಯಮಕ್ಕೆ ವಿರುದ್ಧ ಎಂದು ವಿಶ್ವ ವ್ಯಾಪಾರ ಸಂಸ್ಥೆ 2003ರ ಜನವರಿಯಲ್ಲೇ ಹೇಳಿತ್ತು. ದೂರು ಕೊಟ್ಟ ದೇಶಗಳಲ್ಲಿ ಭಾರತವೂ ಇತ್ತು. ಸಿಗಡಿಯ ಅರ್ಜಿ ಬಂದದ್ದು ಆ ತೀರ್ಪು ಬಂದ ಮೇಲೆ. 2006ರಲ್ಲಿ ಕಾನೂನು ರದ್ದಾಯಿತು, ಆದರೂ 2007ರ ಸೆಪ್ಟೆಂಬರ್ ಕೊನೆಯವರೆಗೆ ಬಂದ ಮಾಲಿನ ಸುಂಕವನ್ನು ಹಂಚಲು ಅವಕಾಶ ಉಳಿಸಿಕೊಂಡರು.

ಈಗ ಇನ್ನೊಂದು ಕಡೆ ನೋಡಿ. ನಮ್ಮ ಸರ್ಕಾರ ರಫ್ತುದಾರರಿಗೆ ಕೊಡುವ ತೆರಿಗೆ ಮರುಪಾವತಿಯಂಥ ಸವಲತ್ತುಗಳನ್ನು ಅಮೆರಿಕ ಸಬ್ಸಿಡಿ ಎಂದು ಲೆಕ್ಕ ಹಾಕಿತು. 2024ರ ಕೊನೆಯಲ್ಲಿ ಭಾರತದ ಸಿಗಡಿಯ ಮೇಲೆ ಇನ್ನೊಂದು ಶೇ. 5.77ರಷ್ಟು ಸುಂಕ ಬಂತು.

ಮಾವನಿಗೂ ಸಬ್ಸಿಡಿ ಇದೆ, ಅದನ್ನು ಮುಚ್ಚಿಡುವುದಿಲ್ಲ. ಕರರಹಿತ ಡೀಸೆಲ್ ಸಿಗುತ್ತದೆ, ಅದಕ್ಕೆ ಮಿತಿಯೂ ಇದೆ. 2022ರ ಜೂನ್‌ನಲ್ಲಿ ಜಿನೀವಾದಲ್ಲಿ ಮೀನುಗಾರಿಕೆ ಸಬ್ಸಿಡಿಯ ಒಪ್ಪಂದಕ್ಕೆ ಮಾತುಕತೆ ನಡೆದಾಗ ನಮ್ಮ ವಾಣಿಜ್ಯ ಸಚಿವ ಪೀಯೂಷ್ ಗೋಯಲ್ ಒಂದು ಹೋಲಿಕೆ ಇಟ್ಟರು. ಭಾರತದ ಒಂದು ಮೀನುಗಾರ ಕುಟುಂಬಕ್ಕೆ ವರ್ಷಕ್ಕೆ ಸಿಗುವುದು 15 ಡಾಲರ್ ಆದರೆ, ಕೆಲವು ದೇಶಗಳಲ್ಲಿ ಅದು 42,000, 65,000, 75,000 ಡಾಲರ್‌ವರೆಗೂ ಇದೆ ಎಂದರು. ಆ ಒಪ್ಪಂದ 2025ರ ಸೆಪ್ಟೆಂಬರ್ 15ರಂದು ಜಾರಿಗೆ ಬಂತು. ಬೋಟುಗಳ ಸಂಖ್ಯೆ, ಸಾಮರ್ಥ್ಯ ಹೆಚ್ಚಿಸುವ ಸಬ್ಸಿಡಿಯ ಮಾತು ಇನ್ನೂ ಬಗೆಹರಿದಿಲ್ಲ. ಶ್ರೀಮಂತ ದೇಶಗಳ ದೊಡ್ಡ ಹಡಗುಗಳು ದೂರದ ಸಮುದ್ರಕ್ಕೆ ಹೋಗುವುದೇ ಅಂಥ ಹಣದ ಬಲದಿಂದ.

ಒಂದೇ ಬಲೆ, ಎರಡು ನ್ಯಾಯ

ಹುಡುಕುತ್ತ ಹೋದಾಗ ಸಿಕ್ಕ ಇನ್ನೊಂದು ಸಂಗತಿ ನನ್ನನ್ನು ಕೂರಿಸಿಬಿಟ್ಟಿತು.

ಸೆಕ್ಷನ್ 609 ತಡೆಯುವುದು ಕಡಲಿನ ಸಿಗಡಿಯನ್ನು. ಕೆರೆಯಲ್ಲಿ ಸಾಕಿದ ಸಿಗಡಿಗೆ ಅದು ಅನ್ವಯಿಸುವುದಿಲ್ಲ. ಅದಕ್ಕೆ ಡಿಎಸ್-2031 ಎಂಬ ಒಂದು ಫಾರಂ ತುಂಬಿದರೆ ಸಾಕು. 2009ರಲ್ಲಿ ವನಾಮಿ ಸಿಗಡಿಯ ಸಾಕಣೆಗೆ ಭಾರತ ಅವಕಾಶ ಕೊಟ್ಟ ಮೇಲೆ ಆಂಧ್ರದಲ್ಲಿ ಅದು ಹಬ್ಬಿತು. 2024-25ರಲ್ಲಿ ಭಾರತ 7.41 ಲಕ್ಷ ಟನ್ ಶೀತಲೀಕರಿಸಿದ ಸಿಗಡಿ ರಫ್ತು ಮಾಡಿತು. ಅದರಲ್ಲಿ 3 ಲಕ್ಷ ಟನ್‌ಗೂ ಹೆಚ್ಚು ಅಮೆರಿಕಕ್ಕೇ ಹೋಯಿತು, ಬಹುಪಾಲು ಸಾಕಿದ್ದು.

ಸಾಕಿದ ಸಿಗಡಿ ಏನು ತಿನ್ನುತ್ತದೆ? ಅದರ ಆಹಾರದಲ್ಲಿ ಮೀನಿನ ಹುಡಿ ಮುಖ್ಯ. ಆ ಹುಡಿ ಮಾಡುವ ಫಿಶ್‌ಮಿಲ್‌ಗಳು ಉಡುಪಿ, ಮಂಗಳೂರು ಕಡೆ ಎಷ್ಟಿವೆ ಎಂದು ನಮಗೆಲ್ಲ ವಾಸನೆಯಿಂದಲೇ ಗೊತ್ತು ಅಲ್ವಾ? ಮಾವನ ಬಲೆಯಲ್ಲಿ ಬಿದ್ದ ಸಣ್ಣ ಮೀನು, ಊಟಕ್ಕೆ ಹೋಗದ ಮೀನು ಎಲ್ಲ ಫಿಶ್‌ಮಿಲ್‌ಗೆ. ಟೆಡ್ ಇಲ್ಲದ ಬಲೆಯ ಎಟ್ಟಿಗೆ ಅಮೆರಿಕದ ಬಾಗಿಲು ಮುಚ್ಚಿದೆ. ಅದೇ ಬಲೆಯ ಸಣ್ಣ ಮೀನು ಹುಡಿಯಾಗಿ, ಆಂಧ್ರದ ಕೆರೆಯ ಸಿಗಡಿಯ ಹೊಟ್ಟೆ ಸೇರಿದರೆ, ಆ ಸಿಗಡಿಗೆ ಬಾಗಿಲು ತೆರೆದಿದೆ. ಆಮೆಗೆ ಇದರಿಂದ ಯಾವ ಲಾಭವಾಯಿತು? ಬಲೆ ಇದ್ದ ಹಾಗೇ ಇದೆ. ಬದಲಾದದ್ದು ಹಣ ಹೋಗುವ ದಾರಿ. ಕೆರೆ ಕಟ್ಟುವಷ್ಟು ಬಂಡವಾಳ ಇರುವವನಿಗೆ ಡಾಲರ್, ಬೋಟಿನವನಿಗೆ ಫಿಶ್‌ಮಿಲ್‌ನ ದರ.

ಕೈಯಲ್ಲೇ ಎಳೆಯುವ ಬಲೆಯ ಸಿಗಡಿಗೂ ಕಾನೂನಿನಲ್ಲಿ ವಿನಾಯಿತಿ ಇದೆ. ಹಾಗಾದರೆ ನಾಡದೋಣಿಯವರಿಗೆ ಅನುಕೂಲವಾಗಬೇಕಿತ್ತು. ಆದರೆ ಧಕ್ಕೆಯ ಮೇಲೆ ಯಾವ ಬುಟ್ಟಿ ಯಾವ ಬಲೆಯದ್ದು ಎಂದು ಬೇರೆ ಮಾಡಿ, ದಾಖಲೆ ಬರೆದು, ಫ್ಯಾಕ್ಟರಿಯವರೆಗೆ ಬೇರೆಯಾಗಿಯೇ ಕೊಂಡೊಯ್ಯುವ ಏರ್ಪಾಡು ಇದ್ದರೆ ತಾನೇ ಅದು ಸಾಧ್ಯ.

ಇಷ್ಟರ ನಡುವೆ 2025ರ ಆಗಸ್ಟ್ ಬಂತು. ಅಮೆರಿಕ ಭಾರತದ ಸರಕಿನ ಮೇಲೆ ಮೊದಲು ಶೇ. 25, ಆಗಸ್ಟ್ 27ರಿಂದ ಒಟ್ಟು ಶೇ. 50ರಷ್ಟು ಸುಂಕ ಹಾಕಿತು. ಹಳೆಯ ಸುಂಕಗಳೂ ಸೇರಿ ಸಿಗಡಿಯ ಮೇಲೆ ಆಗ ಶೇ. 58ರ ಆಸುಪಾಸು ಬಿತ್ತು. ನಮ್ಮ ಎಟ್ಟಿ ಹೇಗೂ ಅಮೆರಿಕಕ್ಕೆ ಹೋಗುತ್ತಿರಲಿಲ್ಲ, ಹಾಗಾದರೆ ನಮಗೇನು ಎಂದು ಬಂದರಿನಲ್ಲಿ ಕೆಲವರು ಸಮಾಧಾನ ಮಾಡಿಕೊಂಡರು. ಲೆಕ್ಕ ಹಾಗೆ ನಡೆಯುವುದಿಲ್ಲ. ಅಮೆರಿಕಕ್ಕೆ 100 ರೂಪಾಯಿಯ ವನಾಮಿ 158 ಆದರೆ ಅಲ್ಲಿನ ಗಿರಾಕಿ ಈಕ್ವೆಡಾರ್‌ನ ಸಿಗಡಿ ಕೊಳ್ಳುತ್ತಾನೆ. ಕೆರೆಯಲ್ಲಿ ಬೆಳೆದು ನಿಂತ ವನಾಮಿಯನ್ನು ಹಿಡಿಯದೆ ಬಿಡುವ ಹಾಗಿಲ್ಲ. ಅದು ಜಪಾನ್, ಚೀನಾ, ಯುರೋಪ್ ದಾರಿ ಹಿಡಿಯುತ್ತದೆ. ಮಲ್ಪೆಯ ಎಟ್ಟಿಗೆ ಉಳಿದಿದ್ದ ದಾರಿಗಳೂ ಅವೇ. ಒಂದು ಬಾಗಿಲು ನಮಗೆ ಮೊದಲೇ ಮುಚ್ಚಿತ್ತು. ಆಗ ಉಳಿದ ಬಾಗಿಲುಗಳ ಮುಂದೆ ನಮಗಿಂತ ದೊಡ್ಡವರು ಬಂದು ನಿಂತರು. ದೂರು ಕೊಡೋಣ ಎಂದರೆ 1998ರಲ್ಲಿ ತೀರ್ಪು ಕೊಟ್ಟ ಆ ಮೇಲ್ಮನವಿ ಮಂಡಳಿಗೆ ಹೊಸ ಸದಸ್ಯರನ್ನು ನೇಮಿಸಲು ಅಮೆರಿಕ ಒಪ್ಪದೆ, 2019ರ ಡಿಸೆಂಬರ್‌ನಿಂದ ಅದು ಕೆಲಸವನ್ನೇ ನಿಲ್ಲಿಸಿದೆ.

ಒಡಿಶಾದ ಕಲಾಸಿ ಹೇಳಿದ್ದು

ಇದನ್ನೆಲ್ಲ ಒಂದು ಸಂಜೆ ಬಲೆ ಹೊಲಿಯುವ ಶೆಡ್ಡಿನಲ್ಲಿ ಹೇಳುತ್ತಿದ್ದೆ. ಮಾವ ಸಿಟ್ಟಿನಲ್ಲಿ, "ಹಾಗಾದರೆ ಆಮೆ ಬರೀ ನೆಪ" ಎಂದರು. ಮೂಲೆಯಲ್ಲಿ ಬಲೆ ಹೆಣೆಯುತ್ತಿದ್ದ ಒಡಿಶಾದ ಕಲಾಸಿ ತಲೆಯೆತ್ತಿದ. ವಯಸ್ಸು ಮೂವತ್ತು ದಾಟಿಲ್ಲ. ಋಷಿಕುಲ್ಯಾ ನದಿ ಸಮುದ್ರ ಸೇರುವ ಕಡೆಯವನು. "ಇಲ್ಲ ದಣಿ, ನೆಪ ಅಲ್ಲ" ಎಂದ.

ಅವನ ಊರಿನ ತೀರಕ್ಕೆ ಆಲಿವ್ ರಿಡ್ಲಿ ಆಮೆಗಳು ಲಕ್ಷದ ಲೆಕ್ಕದಲ್ಲಿ ಮೊಟ್ಟೆ ಇಡಲು ಬರುತ್ತವೆ. ಅವುಗಳಿಗಾಗಿ ನವೆಂಬರ್ 1ರಿಂದ ಮೇ 31ರವರೆಗೆ ಆ ನದಿ ಮುಖದ ತೀರದಿಂದ 20 ಕಿಲೋಮೀಟರ್ ಒಳಗೆ ಮೀನು ಹಿಡಿಯುವ ಹಾಗಿಲ್ಲ. ಏಳು ತಿಂಗಳು. ಅವನು ಮಲ್ಪೆಗೆ ಬಂದದ್ದೇ ಅದರಿಂದ. ಸತ್ತ ಆಮೆಗಳು ತೀರದಲ್ಲಿ ಸಾಲಾಗಿ ಬಿದ್ದದ್ದನ್ನು ಚಿಕ್ಕಂದಿನಲ್ಲಿ ನೋಡಿದ್ದಾನೆ. ಆಮೆಗಾಗಿ ಊರನ್ನೇ ಬಿಟ್ಟು ಬಂದವನು ಆಮೆ ನೆಪ ಅಲ್ಲ ಎನ್ನುವಾಗ ಮಾವನಿಗೂ ನನಗೂ ಏನು ಹೇಳಬೇಕು ಎಂದು ತೋಚಲಿಲ್ಲ.

ನಮ್ಮ ಕಡೆ ಅಷ್ಟು ಆಮೆ ಇಲ್ಲ. ಕುಂದಾಪುರದ ಕೋಡಿಯಂಥ ತೀರಗಳಲ್ಲಿ ಬಿಡಿಬಿಡಿಯಾಗಿ ಬಂದು ಮೊಟ್ಟೆ ಇಡುತ್ತವೆ. ಒಡಿಶಾದ ಕಡಲೂ ಮಲ್ಪೆಯ ಕಡಲೂ ಒಂದೇ ಅಲ್ಲ. ಆದರೆ ಅದನ್ನು ಎದುರಿನವರಿಗೆ ತೋರಿಸಲು ನಮ್ಮ ಕೈಯಲ್ಲಿ ಏನಿದೆ? ಮಲ್ಪೆಯ ಯಾವ ಬೋಟೂ ಬಲೆಗೆ ಬಿದ್ದ ಆಮೆಯ ಲೆಕ್ಕ ಇಟ್ಟದ್ದನ್ನು ನಾನು ನೋಡಿಲ್ಲ. ಕಳೆದ ಋತುವಿನ ಆರಂಭದಲ್ಲಿ ನಾನು ತಂಡೇಲರಿಗೆ ಒಂದು ಶಾಲೆಯ ನೋಟ್‌ಬುಕ್ ಕೊಟ್ಟೆ. ಪ್ರತಿ ಸಲ ಬಲೆ ಎತ್ತಿದಾಗ ದಿನ, ಹೊತ್ತು, ಎಷ್ಟು ಮಾರು ಆಳ, ಆಮೆ ಇತ್ತೇ ಇಲ್ಲವೇ, ಇಷ್ಟು ಬರೆಯಿರಿ ಎಂದೆ. ಅವರು ತಪ್ಪದೆ ಬರೆದರು. ಇಡೀ ಋತುವಿನಲ್ಲಿ ಎರಡು ಆಮೆ. ಒಂದು ಜೀವಂತವಿತ್ತು, ನೀರಿಗೆ ಬಿಟ್ಟರು. ಇನ್ನೊಂದು ಸತ್ತಿತ್ತು. ಆ ಸಾಲಿನ ಮುಂದೆ ತಂಡೇಲರು ಬೇರೆ ಏನೂ ಬರೆದಿಲ್ಲ, ಸಣ್ಣ ಗೆರೆ ಎಳೆದಿದ್ದಾರೆ.

ಒಂದು ಬೋಟಿನ ನೋಟ್‌ಬುಕ್‌ನಿಂದ ಇಡೀ ಕರಾವಳಿಯ ಲೆಕ್ಕ ಆಗುವುದಿಲ್ಲ. ಆದರೆ ಬಂದರಿನ ನೂರಾರು ಬೋಟುಗಳು ಹೀಗೆ ಬರೆದರೆ ಆಗುತ್ತದೆ. ಬೇರೆ ಕಡಲಿಗೆ ಬೇರೆ ಅಳತೆ ಬೇಕು ಎಂದು 1998ರಲ್ಲೇ ನಮ್ಮ ಪರವಾಗಿ ಬಂದ ಮಾತಿಗೆ ಆಧಾರ ಕೊಡಬೇಕಾದವರು ನಾವು. ಈ ವಿಷಯದಲ್ಲಿ ನಮ್ಮ ಕಡೆಯವರ ತಪ್ಪನ್ನೂ ಹೇಳಬೇಕು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ನಮ್ಮ ಬಲೆಗಳಿಗೆ, ನಮ್ಮ ಮೀನಿಗೆ ಹೊಂದುವ ಟೆಡ್ ಅನ್ನು ತಯಾರಿಸಿದೆ. ಮತ್ಸ್ಯ ಸಂಪದ ಯೋಜನೆಯಲ್ಲಿ ಅದರ ಪೂರ್ತಿ ವೆಚ್ಚವನ್ನು ಕೇಂದ್ರ ಶೇ. 60, ರಾಜ್ಯ ಶೇ. 40 ಎಂದು ಹಂಚಿಕೊಂಡು ಭರಿಸಲು ಅವಕಾಶ ಇದೆ. ಟೆಡ್ ಬೇಕು ಎಂಬುದು 1996ರಿಂದ ಗೊತ್ತಿದ್ದ ವಿಷಯ. ಆದರೂ ಮಾವನಂಥವರಿಗೆ ಕಾರಣ ಗೊತ್ತಾದದ್ದು ಏಲಂನಲ್ಲಿ, ಏಜೆಂಟ್ ಹುಡುಗನ ಬಾಯಿಂದ. ಹೊರಗಿನವರು ನಮಗೆ ಸಮಯ ಕೊಡಲಿಲ್ಲ, ನಿಜ. ಆಮೇಲೆ ಸಿಕ್ಕ ಸಮಯವನ್ನು ನಾವೂ ಹಾಳುಮಾಡಿಕೊಂಡೆವು.

ಟೆಡ್ ಹಾಕಬೇಕು ಎಂಬುದೇ ನನ್ನ ಅಭಿಪ್ರಾಯ. ಅದಕ್ಕಿಂತ ಮೊದಲು ಕೆಲವು ಟ್ರಿಪ್ ಪರೀಕ್ಷೆಗೆ ಹೋಗುವ ಬೋಟುಗಳಿಗೆ ಕಿಂಡಿಯಲ್ಲಿ ಹೋದ ಮೀನಿನ ನಷ್ಟ ತುಂಬಿಕೊಡಬೇಕು. ಆ ಖರ್ಚಿನಲ್ಲಿ, ನಿಯಮ ಮಾಡಿದ ಶ್ರೀಮಂತ ದೇಶದ ಪಾಲೂ ಇರಬೇಕು. ಎದುರಾಳಿಯ ಸುಂಕವನ್ನು ತನ್ನವರಿಗೆ ಹಂಚಲು ಆ ದೇಶಕ್ಕೆ ದಾರಿ ಸಿಕ್ಕಿತ್ತು. ಆಮೆ ನಿಜವಾಗಿಯೂ ಮುಖ್ಯವಾದರೆ ಮಲ್ಪೆಯ ಬಲೆಗೆ ಒಂದು ಜಾಲರಿಯ ಖರ್ಚು ಕೊಡಲೂ ದಾರಿ ಸಿಗುತ್ತದೆ. ಟೆಡ್ ಹಾಕಿದ ಬೋಟಿನ ಎಟ್ಟಿಗೆ ಧಕ್ಕೆಯಲ್ಲಿ ಬೇರೆ ಬುಟ್ಟಿ, ಬೇರೆ ಏಲಂ ಬೇಕು. ಇಲ್ಲದಿದ್ದರೆ ಜಾಲರಿ ಹಾಕಿದವನಿಗೂ ಹಾಕದವನಿಗೂ ಒಂದೇ ದರ, ಆಗ ಯಾರು ಹಾಕುತ್ತಾರೆ?

ನೋಟ್‌ಬುಕ್‌ನ ಆ ಗೆರೆಯನ್ನು ಮಾವನಿಗೆ ತೋರಿಸಿದ್ದು ಜುಲೈನ ಮಳೆಯಲ್ಲಿ, ಬೋಟುಗಳೆಲ್ಲ ದಡದಲ್ಲಿದ್ದಾಗ. ಅವರು ಕನ್ನಡಕ ಹಾಕಿಕೊಂಡು ಆ ಪುಟವನ್ನು ತುಂಬ ಹೊತ್ತು ನೋಡಿದರು. ಆಮೇಲೆ ಒಡಿಶಾದ ಕಲಾಸಿಯನ್ನು ಕರೆದು, ಚೀಲದ ಹತ್ತಿರ ಬಲೆಯ ಸುತ್ತಳತೆ ಎಷ್ಟಿದೆ ಎಂದು ಅಳೆಯಲು ಹೇಳಿದರು. ಅವನು ಟೇಪು ತಂದ. ನಾನು ನೋಟ್‌ಬುಕ್‌ನ ಹಿಂದಿನ ಪುಟದಲ್ಲಿ ಅಳತೆ ಬರೆದುಕೊಂಡೆ.

"ಒಂದು ಬಲೆಗೆ ಮಾತ್ರ," ಎಂದರು ಮಾವ. "ಒಂದು ಟ್ರಿಪ್ ನೋಡುವ."